ರಂಗೋಲಿಯ ನಡುವೆ ಗಾಲಿದಾರಿ

ಕ್ಯಾತ್ಸಂದ್ರ, ತುಮಕೂರು
9 ನವೆಂಬರ್ 2025

ಪ್ರೀತಿಯ ಅಣ್ಣನಿಗೆ,

ತಂಗಿ ಅರುಣಾಳ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಗುಬ್ಬಿಯಲ್ಲಿ ನೀನು, ಸುಮನಾ ಅತ್ತಿಗೆ, ದೀಪಿಕಾ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನೀನು ಫೋನ್ ಮಾಡಿದ ಮೇಲೆ ದಸರೆ ಕಳೆಯಿತು, ದೀಪಾವಳಿಯೂ ಮುಗಿಯಿತು. ನಾನು ಮಾತ್ರ "ಹೇಳ್ತೀನಿ ಇರಣ್ಣ" ಎಂದು ಜಾರಿಕೊಳ್ಳುತ್ತಲೇ ಬಂದೆ. ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಎಲ್ಲವನ್ನೂ ತೀರ್ಮಾನ ಮಾಡಿಬಿಟ್ಟಿರುತ್ತೀಯ. ಕಾಗದವಾದರೆ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ ನೋಡು.

ನೀನು ಅಂದದ್ದು ಇಷ್ಟು: "ಹೊಸ ಮನೇಲಿ ನಿಂಗೊಂದು ರೂಮ್ ಕಟ್ಸಿದೀನಿ. ಗೃಹಪ್ರವೇಶಕ್ಕೆ ಬಂದೋಳು ಅಲ್ಲೇ ಇದ್ಬುಡು. ಆ ವೀಲ್‌ಚೇರ್ ತಳ್ಕೊಂಡು ಟೌನಲ್ಲಿ ಒಬ್ಳೇ ಯಾಕ್ ಒದ್ದಾಡ್ತೀಯ?" ಗುಬ್ಬಿಗೆ ಬಂದುಬಿಡುವುದೋ, ಇಲ್ಲೇ ನನ್ನ ಪಾಡಿಗೆ ನಾನು ಇರುವುದೋ ಎಂದು ನಿಜವಾಗಿಯೂ ತಲೆ ಕೆಡಿಸಿಕೊಂಡೆ. ಸಂಧ್ಯಾ ಇರುವವರೆಗೆ ಈ ಪ್ರಶ್ನೆಯೇ ಇರಲಿಲ್ಲ. ಕಾಲೇಜಿನ ಆಫೀಸಿನಲ್ಲಿ ನನ್ನ ಜೊತೆ ಕೆಲಸ, ಮನೆಯೂ ಒಂದೇ. ಬೆಳಗ್ಗೆ ಸಂಜೆ ನನ್ನ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಬಾಗಿಲ ಮುಂದಿನ ಮೆಟ್ಟಿಲು ದಾಟಿಸುತ್ತಿದ್ದವಳು ಅವಳೇ. ಮದುವೆಯಾಗಿ ಕುಣಿಗಲ್ಲಿಗೆ ಹೋದಳು. ಆಮೇಲೆ ದಿನಾ ಬೆಳಗ್ಗೆ ಬಾಗಿಲಲ್ಲಿ ಕೂತು, ಬೀದಿಯಲ್ಲಿ ಹೋಗುವವರಲ್ಲಿ ಯಾರ ಮುಖ ಸ್ವಲ್ಪ ಸಡಿಲವಾಗಿದೆ, ಮೆಟ್ಟಿಲು ಇಳಿಸಿಕೊಡಿ ಎಂದು ಯಾರನ್ನು ಕೇಳಬಹುದು ಎಂದು ಹುಡುಕುವುದೇ ನನ್ನ ಕೆಲಸವಾಯಿತು. ನಿನಗೆ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ನೀನು ಆವತ್ತೇ ಕಾರು ತಂದು ನಿಲ್ಲಿಸುತ್ತಿದ್ದೆ.

ಮನೆ ಓನರ್ ಮಂಗಳಗೌರಮ್ಮನವರು ಪಕ್ಕದಲ್ಲೇ ಇದ್ದಾರೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಒಂದು ಬೆಳಗ್ಗೆ ನಾನು ಪೇಪರಿನವನನ್ನು ಕರೆಯುತ್ತಿದ್ದುದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು. "ದಿನಾ ಹಿಂಗೇನಾ? ನನ್ ಮನೇಲಿರೋಳು ಆಚೆಗೋಗಕ್ಕೆ ಕಂಡೋರ ದಾರಿ ಕಾಯ್ಬೇಕಾ? ನಂಗ್ ಒಂದ್ ಮಾತ್ ಹೇಳಕ್ಕೇನಾಗಿತ್ತೇ ನಿಂಗೆ?" ಎಂದು ಬೈದರು. ಬೈಸಿಕೊಂಡು ಅಷ್ಟು ಹಗುರಾದದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಗಾರೆ ಕೆಲಸದ ಕಾಳಯ್ಯ ಬಂದ. ಮೆಟ್ಟಿಲ ಮೇಲೆ ಸಿಮೆಂಟಿನ ಇಳಿಜಾರು ಮಾಡುವುದು ಅವನಿಗೆ ಕಷ್ಟವೇ ಅಲ್ಲ. ಕಷ್ಟವಾದದ್ದು ಹೊಸ್ತಿಲು. ನಮ್ಮ ಕಡೆ ಹೊಸ್ತಿಲನ್ನು ಮಕ್ಕಳು ತುಳಿದರೂ ಗದರುತ್ತೇವೆ. ದಿನಾ ಅರಿಶಿನ ಕುಂಕುಮ ಇಡುವ ಆ ಮರದ ಮೇಲೆ ಬೀದಿಯ ಗಾಲಿ ಹತ್ತಿಸುವುದು ಹೇಗೆ? ಕಾಳಯ್ಯ ಸಲೀಸಾಗಿ, "ಕೊಯ್ದಾಕ್ಬುಡಾಣ ಬುಡ್ರವ್ವ" ಅಂದ. ಮಂಗಳಗೌರಮ್ಮ ಅವನನ್ನು ನೋಡಿದ ನೋಟಕ್ಕೆ ಅವನು ತಾನಾಗಿ ಕರಣೆ ಕೆಳಗಿಟ್ಟ. ನಾನು, "ಬೇಡಮ್ಮ, ನನಗೋಸ್ಕರ ಯಾಕೆ" ಎಂದು ರಾಗ ಎಳೆದೆ. "ನೀನ್ ಸುಮ್ನಿರು. ಲಕ್ಷ್ಮೀನೂ ಇಲ್ಲೇ ಇರ್ಬೇಕು, ನೀನೂ ಇಲ್ಲೇ ಇರ್ಬೇಕು" ಎಂದು ಹೇಳಿ ಬಡಗಿಯ ಹತ್ತಿರ ಹೋದರು. ಹೊಸ್ತಿಲಿಗೆ ಎಲ್ಲೂ ತಾಗದಂತೆ, ಅದರ ಮೇಲಿಂದ ಆಚೆಗೂ ಈಚೆಗೂ ಇಳಿಯುವ ಪುಟ್ಟ ಮರದ ಸೇತುವೆ ಬಂತು. ಪೂಜೆಯ ಹೊತ್ತಿಗೆ ಅದನ್ನು ಎತ್ತಿಟ್ಟು, ಆಮೇಲೆ ಮತ್ತೆ ಹಾಕುತ್ತಾರೆ.

ಆದರೆ ಸಿಮೆಂಟು ಒಣಗಿದ ಮೇಲಿನ ಮೊದಲ ದಿನ ಏನಾಯಿತು ಗೊತ್ತೇ? ಬಾಗಿಲು ತೆಗೆದರೆ ಇಳಿಜಾರಿನ ಉದ್ದಗಲಕ್ಕೂ ಬಣ್ಣ ತುಂಬಿದ ದೊಡ್ಡ ರಂಗೋಲಿ. ನಾನು ಹೊರಗೆ ಹೊರಡುವ ದಿನವಲ್ಲವೇ, ಹಾಗಾಗಿ ಬೀದಿಯ ಹೆಂಗಸರೆಲ್ಲ ಸೇರಿ ಬೆಳಗಿನ ಜಾವಕ್ಕೇ ಎದ್ದು ಹಾಕಿದ್ದರಂತೆ. ಅದರ ಮೇಲೆ ಗಾಲಿ ಓಡಿಸಲು ನನಗೆ ಮನಸ್ಸು ಬರಲಿಲ್ಲ. ಒಳಗೇ ಕೂತೆ. ಹೊರಗೆ ಅವರು, ಇವಳಿಗೆ ಇಳಿಜಾರು ಹಿಡಿಸಲಿಲ್ಲ, ಹೇಳಲು ಸಂಕೋಚ ಎಂದು ತಿಳಿದರು. ಇಳಿಜಾರು ಒಡೆದು ಬೇರೆ ಮಾಡಲು ಕಾಳಯ್ಯ ಹಾರೆ ಹೆಗಲ ಮೇಲಿಟ್ಟು ಬಂದೇಬಿಟ್ಟ! ನಾನು ಒಳಗಿಂದ, "ಒಡೀಬೇಡಪ್ಪೋ, ರಂಗೋಲಿ ಅಳಿಸೋಗ್ತದೆ ಅಂತ ಕೂತಿದೀನಿ" ಎಂದು ಕೂಗಿದೆ. ಬೀದಿಗೆ ಬೀದಿಯೇ ನಕ್ಕಿತು. ಈಗ ಎರಡು ಗಾಲಿಗೆ ಎರಡು ಪಟ್ಟಿ ಜಾಗ ಬಿಟ್ಟು ನಡುವೆ ರಂಗೋಲಿ ಹಾಕುತ್ತಾರೆ. ಮಂಗಳಗೌರಮ್ಮ ಊರ್ಡಿಗೆರೆಯಿಂದ ಬಂದ ನೆಂಟರನ್ನು ನಿಲ್ಲಿಸಿಕೊಂಡು, "ನಮ್ ಬೀದೀಲಿ ಹಿಂಗೆ ಕಣ್ರೀ" ಎಂದು ಕತ್ತೆತ್ತಿ ಹೇಳುತ್ತಾರೆ. ನನಗೂ ಹೆಮ್ಮೆ ಅಣ್ಣ, ಸುಳ್ಳು ಯಾಕೆ ಹೇಳಲಿ.

ಬೀದಿ ದಾಟಿದ ಮೇಲೆ ಏನು ಗತಿ ಎಂದು ನೀನು ಕೇಳುತ್ತೀಯ. ಅದನ್ನೂ ಬರೆಯುತ್ತೇನೆ, ಮುಚ್ಚಿಡುವುದಿಲ್ಲ. ಹೋದ ತಿಂಗಳು ಸಂಜೆ ಆಫೀಸಿನಿಂದ ಬರುವಾಗ ಕರೆಂಟು ಹೋಯಿತು. ಚರಂಡಿಯ ಮೇಲಿನ ಚಪ್ಪಡಿ ಒಡೆದಿದ್ದ ಕಡೆ ಮುಂದಿನ ಗಾಲಿ ಸಿಕ್ಕಿಕೊಂಡಿತು. ಹೈವೇ ಕಡೆಯಿಂದ ಲಾರಿಗಳ ಸದ್ದು, ಸುತ್ತ ಕತ್ತಲು. ಹೆದರಿಕೆಗಿಂತ ನಾಚಿಕೆ ಜಾಸ್ತಿಯಾಗಿ ಕೂಗಲು ಬಾಯಿಯೇ ಬರಲಿಲ್ಲ. ಎದುರಿನ ತಟ್ಟೆ ಇಡ್ಲಿ ಹೋಟೆಲಿನ ಅಡವಿಯಪ್ಪ ನೋಡಿ, ಟಾರ್ಚ್ ಹಿಡಿದು ಓಡಿಬಂದರು. ಬಂದವರು ಕುರ್ಚಿಗೆ ಕೈ ಹಾಕಲಿಲ್ಲ. "ಎಲ್ ಹಿಡ್ಕೊಂಡ್ರೆ ನಿಂಗ್ ಅನ್ಕೂಲ, ಹೇಳವ್ವ" ಎಂದು ಕೇಳಿದರು. ನಾನು ಹೇಳಿದೆ, ಅವರು ಹಾಗೆಯೇ ಹಿಡಿದರು. ಗಾಲಿ ಬಿಡಿಸಿದ ಮೇಲೆ ಗದರಿದರು: "ಕೂಗ್ಬಾರ್ದಾ ತಾಯಿ? ಇಷ್ಟ್ ಜನ ಏನಕ್ ಇದೀವಿ ಇಲ್ಲಿ?" ಮನೆಗೆ ಬಂದು ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ. ದುಃಖಕ್ಕಲ್ಲ. ಆ ಚಪ್ಪಡಿಯ ವಿಷಯವಾಗಿ ಅಡವಿಯಪ್ಪ ಎಲ್ಲರ ತಲೆ ತಿಂದು ಕೊನೆಗೂ ಹೊಸದು ಹಾಕಿಸಿದರು.

ಊರು ಚೆಂದ, ಊರು ಸುರಕ್ಷಿತ ಎಂದು ಅಲ್ಲಲ್ಲಿ ಬೋರ್ಡು ಇರುತ್ತದಲ್ಲ, ಅದನ್ನು ನೋಡಿ ಮೊದಲು ನಾನು ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ತುಮಕೂರಿನಲ್ಲಿ ಎಲ್ಲ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಬಸ್ಸು ಹತ್ತುವುದಂತೂ ನನಗೆ ಇವತ್ತಿಗೂ ಕನಸಿನ ಮಾತು. ಆದರೆ ಕೂಗಿದರೆ ತಿರುಗಿ ನೋಡುವವರಿದ್ದಾರೆ, ನೋಡಿದವರು ಮೊದಲು ನನ್ನನ್ನು ಕೇಳುತ್ತಾರೆ. ನನ್ನ ಮಟ್ಟಿಗೆ ಅದೇ ದೊಡ್ಡ ಊರು.

ಅದಕ್ಕೇ ಅಣ್ಣ, ನಾನು ಇಲ್ಲೇ ಇರುತ್ತೇನೆ. ನಿನ್ನ ಮಾತು ಮೀರಿದೆ ಎಂದು ಮುನಿಸಿಕೊಳ್ಳಬೇಡ. ಯಾರಿಗೂ ಬೇಡದವಳಾಗಿ ಇಲ್ಲಿ ಬಿದ್ದಿಲ್ಲ ಎಂದು ನಿನಗೆ ಗೊತ್ತಾಗಲಿ ಎಂದೇ ಇಷ್ಟುದ್ದ ಬರೆದೆ. ನೀನು ಕರೆದೆಯಲ್ಲ, ಆ ಕರೆದದ್ದಕ್ಕೆ ನನ್ನ ಹೊಟ್ಟೆ ತುಂಬಿದೆ. ಅತ್ತಿಗೆಗೆ ನಮಸ್ಕಾರ ಹೇಳು. ದೀಪಿಕಾ ಚೆನ್ನಾಗಿ ಓದಲಿ, ಅತ್ತೆಯ ಹಾಗೆ ಹಟಮಾರಿಯಾಗಿ ನೂರು ವರ್ಷ ಬಾಳಲಿ. ನಿನ್ನ ಆಶೀರ್ವಾದ ಈ ತಂಗಿಯ ತಲೆಯ ಮೇಲಿರಲಿ.

ನಿನ್ನ ತಂಗಿ,
ಅರುಣಾ

ಕೊನೆಯಲ್ಲೊಂದು ಮಾತು: ಮರೆತಿದ್ದೆ ಎಂದು ಬರೆದು ತಪ್ಪಿಸಿಕೊಳ್ಳಬಹುದಿತ್ತು. ಮರೆತಿರಲಿಲ್ಲ, ಧೈರ್ಯ ಸಾಲಲಿಲ್ಲ. ನೀನು ಕಳಿಸಿದ ಹೊಸ ಮನೆಯ ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ನನ್ನ ರೂಮಿಗೆ ತೆಂಗಿನ ತೋಟ ಕಾಣುವ ಹಾಗೆ ಕಿಟಕಿ ಇಡಿಸಿದ್ದೀಯ. ಆದರೆ ಮನೆಗೆ ಮುಂದೆಯೂ ಮೆಟ್ಟಿಲು, ಹಿತ್ತಿಲಿಗೂ ಮೆಟ್ಟಿಲು. ಅತ್ತಿಗೆಯನ್ನು ಕೇಳಿದ್ದಕ್ಕೆ, "ನಿಮ್ಮಣ್ಣ ಎತ್ಕೋತಾರೆ ಬುಡಮ್ಮ, ಚಿಕ್ಕೋಳಿದ್ದಾಗ್ಲಿಂದ ಎತ್ಕೊಂಡಿಲ್ವಾ" ಅಂದರು. ನಿಜ. ನಿನ್ನ ಬೆನ್ನ ಮೇಲೆ ಕೂತೇ ನಾನು ಶಾಲೆಗೆ ಹೋದದ್ದು, ಆ ಋಣ ಯಾವತ್ತಿಗೂ ತೀರುವುದಿಲ್ಲ. ಆದರೂ ಪಾಯ ಹಾಕಿದ ದಿನದಿಂದ ಬಣ್ಣ ಹೊಡೆಯುವವರೆಗೆ, ಅರುಣಾ ಈ ಬಾಗಿಲಿಂದ ತಾನೇ ಹೋಗಿ ತಾನೇ ಬರುವವಳು ಎಂದು ನಿಮಗೆ ಯಾರಿಗೂ ಹೊಳೆಯಲಿಲ್ಲವಲ್ಲ ಅಣ್ಣ, ಅದು ನನ್ನನ್ನು ತುಂಬಾ ನೋಯಿಸಿತು. ಗೃಹಪ್ರವೇಶಕ್ಕೆ ಬಂದೇ ಬರುತ್ತೇನೆ. ಇನ್ನೂ ಸಮಯವಿದೆ, ಒಂದು ಕಡೆ ಇಳಿಜಾರು ಮಾಡಿಸು. ಆವತ್ತು ನನ್ನನ್ನು ಎತ್ತಿಕೊಳ್ಳಲು ಮಾತ್ರ ಬರಬೇಡ. ಬಾಗಿಲಲ್ಲಿ ನಿಂತು "ಬಾರಮ್ಮ" ಅಂತ ಕರಿ, ನಾನೇ ಒಳಗೆ ಬರುತ್ತೇನೆ.