ಅಪ್ಪನ ವಾಕ್ಯದಲ್ಲಿ ಯಾರೂ ಇಲ್ಲ

ಮಾರ್ಚ್ ೧೪, ಮಂಗಳವಾರ.

ಇಂದು ಘನಗಂಭೀರ ಪ್ರಯೋಗವೊಂದನ್ನು ನಡೆಸಿದೆ: ಅಪ್ಪನ ಕನ್ನಡಕಕ್ಕೆ ಟೂತ್‌ಪೇಸ್ಟ್ ಬಳಿದೆ.

ಪಾರ್ಶ್ವವಾಯು ಬಡಿದ ಮೇಲೆ ಅವರ ಮಾತಿನಿಂದ ಕರ್ತೃಪದವೇ ಪರಾರಿ. "ನಮ್ಮ ಭಾಷೇಲಿ 'ನಾನು', 'ನೀನು' ಬಿಟ್ರೂ ಕ್ರಿಯಾಪದದ ಬಾಲ ನೋಡಿದ್ರೆ ಯಾರು ಅಂತ ಗೊತ್ತಾಗುತ್ತೆ. ಇವ್ರಿಗೆ ಆ ಬಾಲಾನೂ ಹೋಗಿ, ಬರೀ 'ಆಯ್ತು' ಉಳಿದಿದೆ," ಎಂದಿದ್ದರು ಮಾತು ಕಲಿಸುವ ಡಾಕ್ಟರಮ್ಮ.

"ಯಾರಪ್ಪಾ ಮಾಡಿದ್ದು?" ಎಂದು ಕೇಳಿದೆ. ಮೊದಲಾಗಿದ್ದರೆ ಕನ್ನಡಕ ಮುಟ್ಟುವ ಮುಂಚೆಯೇ "ನೀನೇ ಕಣೋ, ಕೋತಿ!" ಎಂದು ಕೂಗುತ್ತಿದ್ದರು.

"ಬೆಳ್ಳಗಾಯ್ತು," ಎಂದರು.

"ನಾನೇ ಅಪ್ಪಾ, ನಾನೇ ಬಳಿದಿದ್ದು."

"ಆಯ್ತು," ಎಂದು ಒರೆಸಲು ನನ್ನ ಕೈಗೇ ಕೊಟ್ಟರು.

"ಸಾಕು ಬಿಡೋ," ಎಂದಳು ಅಮ್ಮ.

ಒರೆಸಿದೆ. ಈ ಮನೆಯಲ್ಲಿ ಇನ್ನು ಎಲ್ಲವೂ ತಾನಾಗಿಯೇ ಆಗುತ್ತದೆ. ಬೈಸಿಕೊಳ್ಳಲು ನಾನೂ ಇಲ್ಲ. ನಾಳೆ ಸಕ್ಕರೆ ಡಬ್ಬಿಗೆ ಉಪ್ಪು ತುಂಬಿದರೂ ಅವರು "ಉಪ್ಪಾಯ್ತು" ಎನ್ನುತ್ತಾರೆ, ಅಷ್ಟೇ.