ನಲ್ಲಿಯ ಪಕ್ಕದ ಜಾಗ

ತಮ್ಮಾ,

ಬೇಕರಿಯಲ್ಲಿ ಈ ವಾರವೂ ನನಗೆ ಬೆಳಗಿನ ಪಾಳಿ. ಗುಬ್ಬಿಯನ್ನು ಶಾಲೆಗೆ ನೀನೇ ಬಿಡು.

ಕಾಲುಚೀಲ ತಿರುವಿ ಹಾಕು, ಒಳಗಿನ ಹೊಲಿಗೆ ಅವಳಿಗೆ ಚುಚ್ಚುತ್ತದೆ.

ಗಂಟೆ ಹೊಡೆಯುವ ಮೊದಲೇ ತರಗತಿ ಸೇರಿಸು. ನಿನ್ನೆ ನೀನು ಗೊರಕೆ ಹೊಡೆಯುತ್ತಾ ತಡಮಾಡಿದೆ, ಅವಳು ಗಂಟೆಯ ಕೆಳಗೇ ಸಿಕ್ಕಿಬಿದ್ದಳು. ಅವಳು ಟೀಚರ್ ಕೈಯನ್ನು ಕಚ್ಚಿದ್ದು ಅದಕ್ಕೇ. ಹಠ ಅಲ್ಲ ಕಣೋ, ಆ ಸದ್ದು ಅವಳಿಗೆ ಏಟು ಬಿದ್ದಷ್ಟೇ ನೋಯುತ್ತೆ.

ಟೀಚರ್‌ಗೆ ಆಟಿಸಂ ಬಗ್ಗೆ ಮತ್ತೆ ಭಾಷಣ ಬಿಗಿಯಬೇಡ. ಇಷ್ಟೇ ಹೇಳು: "ಕಿವಿ ಮುಚ್ಕೊಂಡ್ರೆ ಹಿಡಿದು ಎಳೀಬೇಡಿ, ವರಾಂಡಕ್ಕೆ ಬಿಡಿ, ಸಮಾಧಾನ ಆದ್ಮೇಲೆ ತಾನೇ ಬರ್ತಾಳೆ." ಕ್ಷಮೆ ನಾನೇ ಬಂದು ಕೇಳುತ್ತೇನೆ.

ಇನ್ನೊಂದು. ಮೊನ್ನೆ ತರಗತಿಯ ಬಾಗಿಲಲ್ಲಿ ತಿರುಗಿ ನೋಡಿದಳು ಅಂದೆಯಲ್ಲ. ಶಾಲೆ ಸೇರಿಸಿದಾಗಿನಿಂದ ನಾನು ಗೇಟಿನ ಎಡಗಡೆ, ಆ ನಲ್ಲಿಯ ಪಕ್ಕದಲ್ಲೇ ನಿಂತು ಕಾದಿದ್ದೇನೆ. ಹೆತ್ತ ನನಗೆ ಒಂದು ದಿನವೂ ಅವಳ ಬೆನ್ನು ಬಿಟ್ಟು ಬೇರೇನೂ ಸಿಕ್ಕಿಲ್ಲ. ಹೊಟ್ಟೆಕಿಚ್ಚೇನಿಲ್ಲ. ಇದೆ, ಸ್ವಲ್ಪ.

ಇವತ್ತು ನೀನು ಬಲಗಡೆ ನಿಲ್ಲು. ಅವಳು ತಿರುಗಿದರೆ ಕೈ ಬೀಸಬೇಡ, ಸುಮ್ಮನೆ ಗಮನಿಸು. ನೋಡಿದ್ದು ನಿನ್ನನ್ನೋ, ನಲ್ಲಿಯ ಪಕ್ಕದ ಖಾಲಿ ಜಾಗವನ್ನೋ, ಸಂಜೆ ಹೇಳು.

ನನ್ನ ಸಮಾಧಾನಕ್ಕೆ ಸುಳ್ಳು ಮಾತ್ರ ಹೇಳಬೇಡ.

ಅಕ್ಕ