ಹನ್ನೊಂದು ನಿಮಿಷದಲ್ಲಿ ಪಾಸಾದ ನಮ್ಮ ಸಿಂಚನ

ಮಕ್ಕಳ ಮಾರ್ಗದರ್ಶನ ಕೇಂದ್ರದ ಮಾನ್ಯ ನಿರ್ದೇಶಕರೇ,

ಈ ಮೂಲಕ ತಮಗೂ ಸಮಸ್ತ ನಾಗರಿಕರಿಗೂ ತಿಳಿಯಪಡಿಸುವುದೇನೆಂದರೆ, ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ಇಂದು ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಒಂಬತ್ತು ಜೊತೆ ಪಾದರಕ್ಷೆಗಳು ಅಳತೆಯ ಏರುಕ್ರಮದಲ್ಲಿ, ಹಿಮ್ಮಡಿ ಗೋಡೆಗೆ, ಮೂತಿ ರಸ್ತೆಗೆ ಮಾಡಿಕೊಂಡು, ಗಣರಾಜ್ಯೋತ್ಸವದ ಕವಾಯತಿನ ಶಿಸ್ತಿನಲ್ಲಿ ನಿಂತಿವೆ. ಮಹಡಿಯ ಮೇಲಿರುವ ಮಾಲೀಕ ಚಕ್ರಪಾಣಿಯವರ ಬಲಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿದೆ. ಆದರೂ ಅದಕ್ಕೆ ಸ್ಥಾನಮಾನದಲ್ಲಿ ಯಾವ ಕೊರತೆಯನ್ನೂ ಮಾಡಲಾಗಿಲ್ಲ. ಈ ಮಹತ್ಕಾರ್ಯವನ್ನು ನೆರವೇರಿಸಿದವಳು ನನ್ನ ಮಗಳು ಸಿಂಚನ. ವಯಸ್ಸು ಎಂಟು, ಮೂರನೇ ತರಗತಿ.

ತಮ್ಮ ಕಡತದ ಪ್ರಕಾರ ಅವಳಿಗೆ ಯಾವ ತೊಂದರೆಯೂ ಇಲ್ಲ. ನನ್ನ ದೂರೂ ಅದೇ.

ಅವಳಿಗೆ ಆಟಿಸಂ ಇದೆಯೇ ಇಲ್ಲವೇ ನೋಡಿ ಹೇಳಿ ಎಂದು ಕಳೆದ ವರ್ಷ ನವೆಂಬರಿನಲ್ಲಿ ತಮ್ಮ ಕೇಂದ್ರಕ್ಕೆ ಅರ್ಜಿ ಕೊಟ್ಟೆವು. ಒಂಬತ್ತು ತಿಂಗಳ ನಂತರದ ತಾರೀಕು ಕೊಟ್ಟಿರಿ. ಒಂಬತ್ತು ತಿಂಗಳು ಎಂಬ ಅವಧಿಗೆ ನಮ್ಮ ಸಮಾಜದಲ್ಲಿ ಒಂದು ಮರ್ಯಾದೆಯಿದೆ. ಅಷ್ಟು ಕಾದ ಮೇಲೆ ಕೈಗೆ ಏನಾದರೂ ಬರುತ್ತದೆ ಎಂದು ಜನ ನಂಬುತ್ತಾರೆ. ನಮ್ಮ ಕೈಗೆ ಬಂದದ್ದು ಒಂದೂವರೆ ಸಾಲು: ‘ಮಗು ಸಾಮಾನ್ಯವಾಗಿದೆ. ಪೋಷಕರಿಗೆ ತಿಳಿಹೇಳಲಾಗಿದೆ.’ ನೋಡಲು ಹಿಡಿದ ಸಮಯ ಹನ್ನೊಂದು ನಿಮಿಷ.

ಮುಂದುವರಿಯುವ ಮೊದಲು ನನ್ನ ಕಾಯಿಲೆಯನ್ನೂ ಹೇಳಿಬಿಡುತ್ತೇನೆ. ಅದು ಹೊಟ್ಟೆಕಿಚ್ಚು. ಅದನ್ನು ಪತ್ತೆ ಹಚ್ಚಲು ತಾರೀಕು, ಟೋಕನ್ ಏನೂ ಬೇಕಿಲ್ಲ. ಚಕ್ರಪಾಣಿಯವರ ಮೊಮ್ಮಗ ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡ. ಅರ್ಧ ಗಂಟೆಯಲ್ಲಿ ಎಕ್ಸ್-ರೇ, ಒಂದು ಗಂಟೆಯಲ್ಲಿ ಪ್ಲಾಸ್ಟರ್ ಕಟ್ಟು. ಶಾಲೆಯಲ್ಲಿ ಬರೆಯುವುದಕ್ಕೆ ವಿನಾಯಿತಿ, ಕಟ್ಟಿನ ಮೇಲೆ ಇಡೀ ತರಗತಿಯ ಸಹಿ, ನೋಡಲು ಬಂದವರಿಂದ ಬಿಸ್ಕತ್ತು. ಆ ಬಿಳಿ ಕಟ್ಟನ್ನು ನೋಡಿ ನಾನು, ನಲವತ್ತು ದಾಟಿದ ಗಂಡಸು, ಹೊಟ್ಟೆ ಉರಿದುಕೊಂಡಿದ್ದೇನೆ. ಸಿಂಚನಳ ತೊಂದರೆಗೆ ಕಟ್ಟು ಕಟ್ಟುವ ಜಾಗ ಯಾವುದು ಸ್ವಾಮಿ?

ಅಷ್ಟೇ ಏಕೆ, ನನ್ನ ಸ್ವಂತ ಸ್ಕೂಟರಿನ ಮೇಲೂ ನನಗೆ ಹೊಟ್ಟೆಕಿಚ್ಚು. ವಿಜಯನಗರದ ಪೆಟ್ರೋಲ್ ಬಂಕಿನಲ್ಲಿ ಹೋದ ವಾರ ಅದರ ಹೊಗೆ ತಪಾಸಣೆ ಆಯಿತು. ನಾನು ಗಾಡಿಯನ್ನು ಒರೆಸಿ, ಸಭ್ಯವಾಗಿ ನಿಲ್ಲಿಸಿದ್ದೆ. ಅಲ್ಲಿದ್ದಾತ ನಕ್ಕ. “ಸಾರ್, ಹಿಂಗ್ ಸುಮ್ನೆ ನಿಲ್ಸುದ್ರೆ ಎಲ್ಲಾ ಗಾಡೀನೂ ಒಳ್ಳೇದೇ. ಸ್ವಲ್ಪ ರೇಸ್ ಮಾಡಿ, ಆಗ ಗೊತ್ತಾಗುತ್ತೆ.” ಈ ಜ್ಞಾನ ಬಂಕಿನವರೆಗೂ ಬಂದಿದೆ, ತಮ್ಮ ಕೇಂದ್ರದವರೆಗೆ ಯಾಕೆ ಬಂದಿಲ್ಲ?

ಈ ಕಾಗದ ನಮಗೇಕೆ ಬೇಕಿತ್ತೆಂದು ತಾವು ಕೇಳಬಹುದು. ಮಗಳ ಶಾಲೆಯಲ್ಲಿ ಕಂಪ್ಯೂಟರ್ ಕೋಣೆಯ ಹೊರಗೆ ಶೂ ಬಿಚ್ಚಿಡಬೇಕು. ನಲವತ್ತೆರಡು ಮಕ್ಕಳು, ನಲವತ್ತೆರಡು ಜೊತೆ ಕಪ್ಪು ಶೂ, ಎಲ್ಲವೂ ಒಂದೇ ಅಂಗಡಿಯವು. ಸಿಂಚನ ಒಳಗೆ ಹೋಗುವುದಿಲ್ಲ. ಹೊರಗೆ ಕೂತು ಅಷ್ಟನ್ನೂ ಅಳತೆಯ ಪ್ರಕಾರ ಜೋಡಿಸುತ್ತಾಳೆ. ಪೀರಿಯಡ್ ಮುಗಿದಾಗ ಯಾರ ಶೂ ಯಾರದೆಂದು ತಿಳಿಯದೆ ಮುಂದಿನ ಗಣಿತದ ತರಗತಿ ಇಪ್ಪತ್ತು ನಿಮಿಷ ತಡ. ಅರ್ಧದಲ್ಲಿ ಎಬ್ಬಿಸಿದರೆ ಅವಳು ಕಿವಿ ಮುಚ್ಚಿಕೊಂಡು ಕಿರುಚುವ ಕಿರುಚಾಟಕ್ಕೆ ಗಣಿತವೇ ನಿಂತುಹೋಗುತ್ತದೆ. ಮುಖ್ಯೋಪಾಧ್ಯಾಯಿನಿಯವರು ಒಳ್ಳೆಯವರು. “ಒಂದು ರಿಪೋರ್ಟ್ ತಂದ್ಕೊಡಿ ಸಾರ್. ಬಾಗಿಲ ಪಕ್ಕ ಕೂರುಸ್ತೀವಿ, ಪರೀಕ್ಷೇಲಿ ಅರ್ಧ ಗಂಟೆ ಹೆಚ್ಚಿಗೆ ಕೊಡ್ತೀವಿ. ಕಾಗದ ಇಲ್ದೆ ಮ್ಯಾನೇಜ್‌ಮೆಂಟಿಗೆ ನಾನೇನಂತ ಹೇಳ್ಲಿ?” ಎಂದರು.

ಈಗ ನಮ್ಮ ಕಡೆಯ ತಪ್ಪು. ಇದನ್ನು ಮುಚ್ಚಿಟ್ಟರೆ ತಾವು ಗೆಲ್ಲುತ್ತೀರಿ; ಹಾಗಾಗಿ ನಾನೇ ಹೇಳುತ್ತೇನೆ. ನನ್ನ ತಾಯಿ ಗಂಗಲಕ್ಷ್ಮಮ್ಮನವರು ನಮ್ಮ ಕ್ರಾಸಿನ ಹದಿನಾಲ್ಕು ಮಕ್ಕಳನ್ನು ಎಲ್‌ಕೆಜಿ ಇಂಟರ್‌ವ್ಯೂ ಪಾಸು ಮಾಡಿಸಿದವರು. ಕಾನ್ವೆಂಟಿನವರು ಏನು ಕೇಳುತ್ತಾರೆ, ಯಾವ ಬಣ್ಣ ತೋರಿಸುತ್ತಾರೆ, ಎಲ್ಲ ಅವರಿಗೆ ಕಂಠಪಾಠ. ಮೊಮ್ಮಗಳನ್ನು ಡಾಕ್ಟರು ‘ಟೆಸ್ಟ್’ ಮಾಡುತ್ತಾರೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಒಂಬತ್ತು ದಿನ ತಾಲೀಮು.

“ಕಣ್ಣು ನೋಡಕ್ಕಾಗಲ್ವಾ ಪುಟ್ಟಿ? ಹುಬ್ಬಿನ ಮಧ್ಯ ನೋಡು. ಅವ್ರಿಗೇನು ಗೊತ್ತಾಗುತ್ತೆ!”

ನನ್ನ ಹೆಂಡತಿ ಕಲಾ ತಡೆಯಲು ನೋಡಿದಳು. “ಅತ್ತೆ, ಇದು ಪಾಸ್ ಆಗೋ ಪರೀಕ್ಷೆ ಅಲ್ಲ. ಅವ್ಳು ಹೆಂಗಿದಾಳೋ ಹಂಗೇ ತೋರಿಸ್ಬೇಕು.”

“ಫೇಲ್ ಆಗು ಅಂತ ಯಾವ ಅಜ್ಜಿ ಹೇಳ್ಕೊಡ್ತಾಳೆ ಕಣೇ?”

ತಾಲೀಮು ನಿಲ್ಲಲಿಲ್ಲ. ಸತ್ಯ ಹೇಳಬೇಕೆಂದರೆ, ನಾಲ್ಕನೇ ದಿನದಿಂದ ಬಣ್ಣದ ಪೆನ್ಸಿಲ್ ಎತ್ತಿ ತೋರಿಸುವ ಕೆಲಸ ನನ್ನದಾಗಿತ್ತು. ಮಗಳು ಸರಿಯಾಗಿ ಹೇಳಿದಾಗಲೆಲ್ಲ ನನಗೆ ಖುಷಿಯೂ ಆಗುತ್ತಿತ್ತು.

ಆ ದಿನ ಎಣ್ಣೆ ಹಚ್ಚಿ ಎರಡು ಜಡೆ, ಹೊಸ ಫ್ರಾಕು, ಮೊಸರು ಸಕ್ಕರೆ. ತಮ್ಮ ಕೇಂದ್ರದ ಬಾಗಿಲಲ್ಲಿ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂಬ ಫಲಕವಿದೆ. ಅದರ ಕೆಳಗೆ ನೂರಾರು ಚಪ್ಪಲಿಗಳ ರಾಶಿ, ಒಂದರ ಮೇಲೊಂದು. ಸಿಂಚನ ಅಲ್ಲೇ ನಿಂತುಬಿಟ್ಟಳು. ನನ್ನ ತಾಯಿ ಅವಳ ಕೈಯನ್ನು ಬಿಗಿಯಾಗಿ ಹಿಡಿದು ದಾಟಿಸಿಕೊಂಡು ಹೋದರು. ಎರಡು ಗಂಟೆ ನಾವು ಬೆಂಚಿನ ಮೇಲೆ ಕೂತಿದ್ದೆವು. ಅಷ್ಟು ಹೊತ್ತೂ ಮಗುವಿನ ಕತ್ತು ಬಾಗಿಲ ಕಡೆಗೇ ತಿರುಗಿತ್ತು.

ಒಳಗೆ ವೈದ್ಯರು “ಹೆಸರೇನು ಪುಟ್ಟಾ?” ಎಂದರು. ಸಿಂಚನ ಅವರ ಹುಬ್ಬಿನ ಮಧ್ಯಕ್ಕೆ ದೃಷ್ಟಿ ನೆಟ್ಟಳು. “ಗುಡ್ ಮಾರ್ನಿಂಗ್ ಸಾರ್. ಮೈ ನೇಮ್ ಈಸ್ ಸಿಂಚನ. ಮೈ ಫಾದರ್ಸ್ ನೇಮ್ ಈಸ್ ಮಹದೇವ್. ಆಪಲ್ ಈಸ್ ರೆಡ್. ಕ್ರೋ ಈಸ್ ಬ್ಲ್ಯಾಕ್. ಐ ಹ್ಯಾವ್ ಟೂ ಐಸ್. ಥ್ಯಾಂಕ್ಯೂ ಸಾರ್. ಮೇ ಐ ಗೋ ಸಾರ್?”

ಆಗ ಮಧ್ಯಾಹ್ನ ಎರಡೂವರೆ. ಸೇಬನ್ನಾಗಲಿ ಕಾಗೆಯನ್ನಾಗಲಿ ಯಾರೂ ವಿಚಾರಿಸಿರಲಿಲ್ಲ. ಮಾನ್ಯರೇ, ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಕೇಳದ ನಾಲ್ಕಕ್ಕೂ ಕೊಟ್ಟು, ಹೋಗಲು ಅಪ್ಪಣೆ ಬೇಡಿದ ಮಗುವನ್ನು ಕಂಡು ಯಾರಿಗಾದರೂ ಒಂದು ಅನುಮಾನ ಬರಬೇಡವೇ? “ತುಂಬಾ ಶಾರ್ಪ್ ಇದಾಳಲ್ರೀ!” ಎಂದರು ವೈದ್ಯರು. ನಾನು “ಸಾರ್, ಅದು ನಾವು ಹೇಳ್ಕೊಟ್ಟಿದ್ದು...” ಎಂದೆ. “ಮಕ್ಕಳಿಗೆ ಹೇಳ್ಕೊಡ್ಲೇಬೇಕಲ್ವಾ?” ಎಂದು ಅವರು ಬರೆಯತೊಡಗಿದರು. ನನ್ನ ತಾಯಿ ಹಿಂದಿನಿಂದ ನನ್ನನ್ನು ಚಿವುಟಿದರು. ಮುಂದಿನ ಟೋಕನ್ನಿನ ಗಂಟೆ ಹೊಡೆಯಿತು. ವೈದ್ಯರನ್ನು ದೂರುವುದಿಲ್ಲ; ಹೊರಗೆ ಇನ್ನೂ ಮೂವತ್ತು ಮಕ್ಕಳಿದ್ದರು. ಅಷ್ಟು ಮಕ್ಕಳಿಗೆ ಒಬ್ಬರೇ ವೈದ್ಯರನ್ನು ಕೂರಿಸಿದವರನ್ನು ದೂರುತ್ತಿದ್ದೇನೆ.

ನಿಜವಾದ ಮೌಲ್ಯಮಾಪನ ನಡೆದದ್ದು ಆಮೇಲೆ, ತಮ್ಮ ಬಾಗಿಲ ಹೊರಗೆ. ಸಿಂಚನ ಅಜ್ಜಿಯ ಕೈ ಕೊಡವಿಕೊಂಡು ರಾಶಿಯ ಮುಂದೆ ಕೂತಳು. ನಲವತ್ತು ನಿಮಿಷ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತ ಅಲ್ಲಿಂದ ಏಳಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಲಿಲ್ಲ. ತಮ್ಮ ಸಿಬ್ಬಂದಿಯಲ್ಲಿ ಅದನ್ನು ನೋಡಿದವನು ಅಟೆಂಡರ್ ಒಬ್ಬನೇ. “ಯಾರ್ ಮಗು ಇದು? ಎಬ್ಸಿ, ಎಬ್ಸಿ, ದಾರೀಲಿ ಕೂತವ್ಳೆ!” ಎಂಬುದು ಅವನ ತಜ್ಞ ಅಭಿಪ್ರಾಯ.

ನಮಗಿಂತ ಮುಂಚಿನ ಟೋಕನ್ ನೀಲಾಂಬಿಕಾ ಎಂಬ ಹೆಣ್ಣುಮಗಳದು. ರಾಯಚೂರಿನ ಕಡೆಯವರು, ಈಗ ಕೆಂಗೇರಿ ಉಪನಗರದಲ್ಲಿದ್ದಾರೆ. ಅವರ ಮಗ ಒಳಗೆ ಪೇಪರ್‌ವೇಟ್ ಎಸೆದಿದ್ದು, ಮೇಜಿನ ಕೆಳಗೆ ಸೇರಿಕೊಂಡಿದ್ದು ನಮಗೆಲ್ಲ ಹೊರಗೇ ಕೇಳಿಸಿತ್ತು. ಫೈಲಿಗಾಗಿ ಹೊರಗೆ ಕಾಯುತ್ತಿದ್ದ ಅವರಿಗೂ ಸಿಂಚನಳ ಉತ್ತರ ಕೇಳಿಸಿತ್ತು; ಆಮೇಲೆ ಅವರಿಗೆ ನೀಲಿ ಫೈಲು ಸಿಕ್ಕಿತ್ತು. ಆ ಫೈಲಿನಲ್ಲಿ ಆಟಿಸಂ ಎಂದು ಬರೆದು, ಮುಂದೇನು ಮಾಡಬೇಕೆಂದೂ ಬರೆದಿತ್ತು. ಅವರು ಸಾಲಿನಲ್ಲಿ ತಮ್ಮ ಚಪ್ಪಲಿ ಹುಡುಕುತ್ತ ನನ್ನ ಮಗಳ ಪಕ್ಕ ಕೂತರು.

“ಭಾಳ ಶಾಣ್ಯಾ ಅದಾಳ್ರೀ ಅಣ್ಣಾ ನಿಮ್ಮ ಹುಡುಗಿ. ಹೆಸರು ಹೇಳ್ತಾಳ, ಅಪ್ಪನ ಹೆಸರೂ ಹೇಳ್ತಾಳ. ನಮ್ಮಾಂವ ಇನ್ನಾ ಒಂದ್ ಸಲಾನೂ ಅವ್ವಾ ಅಂದಿಲ್ರೀ. ಸುಳ್ಳ ಯಾಕ ಹೇಳ್ಲಿ, ನನಗ ಹೊಟ್ಟಿಕಿಚ್ಚ ಆತ್ರೀ.”

ನಾನು ಅವರ ಕಂಕುಳಿನ ನೀಲಿ ಫೈಲನ್ನು ನೋಡುತ್ತಿದ್ದೆ. ನನಗೂ ಅದೇ ಆಗಿತ್ತು. ಹೇಳುವ ಧೈರ್ಯ ಅವರಿಗಿದ್ದಷ್ಟು ನನಗಿರಲಿಲ್ಲ. “ಹಾಗೆಲ್ಲ ಅನ್ಕೋಬೇಡಿ ತಾಯಿ” ಎಂದುಬಿಟ್ಟೆ. ಮಗನ ಬಾಯಲ್ಲಿ ಒಂದು ಮಾತಿಗಾಗಿ ಕಾಯುತ್ತಿರುವ ತಾಯಿಯ ಮೇಲೆ ನಾನು ಅಸೂಯೆ ಪಟ್ಟೆ, ಮಾನ್ಯರೇ. ನನ್ನನ್ನು ಆ ಮಟ್ಟಕ್ಕೆ ತಂದದ್ದಕ್ಕಾದರೂ ತಮಗೆ ಸ್ವಲ್ಪ ನಾಚಿಕೆಯಾಗಬೇಕು.

ತಮ್ಮ ಒಂದೂವರೆ ಸಾಲನ್ನು ಶಾಲೆಗೆ ಒಯ್ದೆ. ಮುಖ್ಯೋಪಾಧ್ಯಾಯಿನಿಯವರು ಎರಡು ಸಲ ಓದಿದರು. “ಪಾಪ, ಏನೋ ಇದೆ ಅಂತ ಇಷ್ಟು ದಿನ ಸಹಿಸ್ಕೊಂಡ್ವಿ. ಡಾಕ್ಟ್ರೇ ಏನೂ ಇಲ್ಲ ಅಂದ್ಮೇಲೆ ಬೇಕಂತ್ಲೇ ಮಾಡ್ತಾಳೆ ಅಂತಾಯ್ತಲ್ಲ ಸಾರ್?” ಅಂದಿನಿಂದ ಕಂಪ್ಯೂಟರ್ ಪೀರಿಯಡ್ಡಿನಲ್ಲಿ ಸಿಂಚನಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಾರೆ. ದಸರಾ ರಜೆ ಮುಗಿಯುವುದರೊಳಗೆ ಸರಿಯಾದ ರಿಪೋರ್ಟ್ ತರದಿದ್ದರೆ ಟಿ.ಸಿ. ತೆಗೆದುಕೊಂಡು ಹೋಗಿ ಎಂದಿದ್ದಾರೆ. ತಮ್ಮ ಗುಮಾಸ್ತರನ್ನು ಕೇಳಿದರೆ, “ಆ ಫೈಲ್ ಕ್ಲೋಸ್ ಆಗಿದೆ, ಹೊಸ್ದಾಗಿ ಅರ್ಜಿ ಹಾಕಿ, ಜೂನ್ ಹೊತ್ತಿಗೆ ಬರುತ್ತೆ” ಎನ್ನುತ್ತಾರೆ. ಜೂನ್ ಹೊತ್ತಿಗೆ ನನ್ನ ಮಗಳು ಯಾವ ಶಾಲೆಯ ಬಾಗಿಲಲ್ಲಿರುತ್ತಾಳೆ?

ನನ್ನ ಬೇಡಿಕೆ ಇಷ್ಟು. ಮುಚ್ಚಿದ ಆ ಕಡತವನ್ನೇ ತೆರೆಯಿರಿ. ದಸರಾ ರಜೆಯೊಳಗೆ ಒಂದು ದಿನ, ಒಂದು ಪೂರ್ತಿ ಗಂಟೆ ಕೊಡಿ. ಅವಳ ತರಗತಿಯ ಟೀಚರನ್ನು ಒಂದು ಮಾತು ಕೇಳಿ. ಆಟಿಸಂ ಇದ್ದರೆ ಇದೆ ಎನ್ನಿ. ಇಲ್ಲದಿದ್ದರೆ ಮತ್ತೇನು ಎಂದು ಹೇಳಿ. ಅಜ್ಜಿಯನ್ನು ಆ ದಿನ ಮನೆಯಲ್ಲೇ ಬಿಟ್ಟು ಬರುತ್ತೇನೆ. ಅದಕ್ಕೆ ನನ್ನ ತಾಯಿಯೂ ಒಪ್ಪಿದ್ದಾರೆ. ಕಂಪ್ಯೂಟರ್ ಪೀರಿಯಡ್ಡಿನ ಗೋಡೆಯ ವಿಷಯ ತಿಳಿದಂದಿನಿಂದ ಅವರು ಕ್ರಾಸಿನ ಯಾವ ಮಗುವಿಗೂ ಪಾಠ ಹೇಳಿಕೊಟ್ಟಿಲ್ಲ.

ಕೊನೆಯಲ್ಲಿ ತಮ್ಮಿಂದ ಒಂದು ಸಣ್ಣ ಉಪಕಾರ. ನಾವು ಬರುವ ದಿನ ತಾವೂ ವೈದ್ಯರೂ ದಯವಿಟ್ಟು ತಮ್ಮ ಪಾದರಕ್ಷೆಗಳನ್ನು ಕೋಣೆಯ ಒಳಗೆ, ಅವಳ ಕಣ್ಣಿಗೆ ಬೀಳುವಂತೆ ಬಿಚ್ಚಿಡಿ. ಜೊತೆಯಾಗಿ ಬೇಡ. ಒಂದು ಇಲ್ಲಿ, ಒಂದು ಅಲ್ಲಿ. ಆಮೇಲೆ ಏನೂ ಕೇಳದೆ ಸುಮ್ಮನೆ ಕೂತು ನೋಡುತ್ತಿರಿ.

ಇಂತಿ,
ತಮ್ಮ ಪರೀಕ್ಷೆಯಲ್ಲಿ ಪಾಸಾದ ಮಗಳ ಫೇಲಾದ ಅಪ್ಪ,
ಮಹದೇವ್
ಬಸವೇಶ್ವರನಗರ, ಸೆಪ್ಟೆಂಬರ್ ೨೦೦೮